ದಾರಿಯಲ್ಲಿ ಬರಿಗೈಯಾದವರು: ಯಾತ್ರಿಕರ ಭದ್ರತೆಯ ಚರಿತ್ರೆ ಮತ್ತು ಪ್ರಯಾಣ ವಿಮೆ

ವಿಜಯನಗರದ ಹಿರಿಯರೊಬ್ಬರು ಪತ್ನಿಯೊಂದಿಗೆ ಉಮ್ರಾ ಯಾತ್ರೆಗೆ ಸಿದ್ಧರಾಗುತ್ತಿದ್ದರು. ಒಂದು ದಿನ ಇಶಾ ನಮಾಝಿನ ಬಳಿಕ ಕಾಗದಪತ್ರಗಳ ಕಟ್ಟನ್ನು ನಮ್ಮ ಮುಂದಿಟ್ಟರು. ವೀಸಾ, ಟಿಕೆಟ್, ವಸತಿಯ ಚೀಟಿ ಎಲ್ಲವೂ ಇದ್ದವು. ಕೊನೆಯ ಹಾಳೆಯ ಮೇಲೆ ಬೆರಳಿಟ್ಟು, "ಮೌಲಾನಾ, ಇದು ವಿಮೆಯಂತೆ. ಅಲ್ಲಾಹನ ಮನೆಗೆ ಹೊರಟವರಿಗೆ ವಿಮೆ ಏಕೆ? ಇದು ತವಕ್ಕುಲ್‌ಗೆ ವಿರುದ್ಧವಲ್ಲವೇ?" ಎಂದು ಕೇಳಿದರು.

ಪ್ರಶ್ನೆ ಪ್ರಾಮಾಣಿಕವಾಗಿತ್ತು. ಅದಕ್ಕೆ ಹೌದು, ಅಲ್ಲ ಎಂಬ ಒಂದೇ ಮಾತಿನಲ್ಲಿ ಉತ್ತರಿಸಲು ನಮಗೆ ಮನಸ್ಸಾಗಲಿಲ್ಲ. ದಾರಿಯಲ್ಲಿ ಎಲ್ಲವನ್ನೂ ಕಳೆದುಕೊಂಡ ಯಾತ್ರಿಕನಿಗೆ ನೆರವಾಗುವವರು ಯಾರು ಎಂಬುದು ನಮ್ಮ ಚರಿತ್ರೆಯಲ್ಲಿ ಬಹಳ ಹಳೆಯ ಪ್ರಶ್ನೆ. ಅದಕ್ಕೆ ಸಮುದಾಯವು ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳನ್ನು ಅರಿತರೆ, ಆ ಕೊನೆಯ ಹಾಳೆಯ ಅರ್ಥವೂ ತಿಳಿಯುತ್ತದೆ.

ಮೊದಲ ನಿದರ್ಶನ ನಮ್ಮ ಕರಾವಳಿಯದೇ. ಹದಿನಾಲ್ಕನೆಯ ಶತಮಾನದ ಯಾತ್ರಿಕ ಇಬ್ನ್ ಬತೂತಾ ದಿಲ್ಲಿಯಲ್ಲಿ ಖಾಝಿಯಾಗಿದ್ದವರು. ಸುಲ್ತಾನ್ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಅವರು ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಹಾದು ಕಲ್ಲಿಕೋಟೆಗೆ ಬಂದರು. ಅಲ್ಲಿ ಬಿರುಗಾಳಿಗೆ ಸಿಲುಕಿ ರಾಯಭಾರದ ಕಾಣಿಕೆಗಳು ಸಮುದ್ರದ ಪಾಲಾದವು. ಮುಂದೆ ಮಾಲ್ದೀವ್ಸ್, ಸಿಂಹಳಗಳನ್ನು ಸುತ್ತಿ ಕೊಲ್ಲಂನಿಂದ ಹೊನ್ನಾವರಕ್ಕೆ ಮರಳುತ್ತಿದ್ದಾಗ, ಬಾರಕೂರು ಮತ್ತು ಹೊನ್ನಾವರಗಳ ನಡುವಿನ ಸಮುದ್ರದಲ್ಲಿ ಕಡಲ್ಗಳ್ಳರು ಹಡಗನ್ನು ಮುತ್ತಿದರು. ಕಷ್ಟಕಾಲಕ್ಕೆಂದು ಕೂಡಿಟ್ಟಿದ್ದ ಹಣ, ಸಿಂಹಳದ ರಾಜನಿತ್ತ ರತ್ನಗಳು, ಬಟ್ಟೆಬರೆ ಎಲ್ಲವೂ ಹೋದವು. ಅವರಲ್ಲಿ ಉಳಿದದ್ದು ಉಟ್ಟ ಇಜಾರ ಮಾತ್ರ. ಕಲ್ಲಿಕೋಟೆಗೆ ಬಂದು ಒಂದು ಮಸೀದಿಯನ್ನು ಹೊಕ್ಕರು. ಒಬ್ಬ ಫಖೀಹರು ಒಂದು ನಿಲುವಂಗಿಯನ್ನೂ, ಖಾಝಿಯವರು ಪೇಟವನ್ನೂ, ಒಬ್ಬ ವರ್ತಕರು ಇನ್ನೊಂದು ನಿಲುವಂಗಿಯನ್ನೂ ಕಳುಹಿಸಿದರು.

ಈ ಪ್ರಸಂಗವನ್ನು ಓದುವಾಗ ಮನಸ್ಸು ತುಂಬಿ ಬರುತ್ತದೆ. ಆದರೆ ಒಂದು ಮಾತನ್ನು ಗಮನಿಸಬೇಕು. ಇಬ್ನ್ ಬತೂತಾ ವಿದ್ವಾಂಸರು. ಕಲ್ಲಿಕೋಟೆಗೆ ಹೊಸಬರೂ ಅಲ್ಲ. ವಿದ್ಯೆ ಮತ್ತು ಪರಿಚಯಗಳೇ ಅವರ ಪಾಲಿಗೆ ಆಸರೆಯಾದವು. ಪರಿಚಯವಿಲ್ಲದ ಊರಿಗೆ ಬಂದಿಳಿದ ಹೆಸರಿಲ್ಲದ ಬಡವನಿಗೆ ಯಾರು ಪೇಟ ಕಳುಹಿಸುತ್ತಾರೆ? ಒಬ್ಬರ ಔದಾರ್ಯವು ಎಷ್ಟೇ ದೊಡ್ಡದಾಗಿರಲಿ, ಅದು ದೊರೆಯುವುದೂ ದೊರೆಯದಿರುವುದೂ ಪಯಣಿಗನ ಕೈಯಲ್ಲಿಲ್ಲ.

ಇಸ್ಲಾಂ ಈ ಕೊರತೆಯನ್ನು ಮೊದಲೇ ಗಮನಿಸಿದೆ. ಸೂರಃ ಅತ್ತೌಬಃದಲ್ಲಿ ಝಕಾತ್‌ಗೆ ಹಕ್ಕುದಾರರೆಂದು ಹೇಳಲಾದ ಎಂಟು ವರ್ಗಗಳಲ್ಲಿ ಇಬ್ನುಸ್ಸಬೀಲ್, ಅಂದರೆ ದಾರಿಹೋಕನೂ ಒಬ್ಬ. ತನ್ನ ಊರಿನಲ್ಲಿ ಆತ ಸಿರಿವಂತನೇ ಆಗಿರಬಹುದು. ದಾರಿಯಲ್ಲಿ ಬರಿಗೈಯಾದರೆ ಝಕಾತ್‌ನಲ್ಲಿ ಅವನಿಗೆ ಪಾಲಿದೆ. ಅದು ಭಿಕ್ಷೆಯಲ್ಲ, ಹಕ್ಕು. ವಕ್ಫ್ ವ್ಯವಸ್ಥೆಯು ಈ ಹಕ್ಕಿಗೆ ಕಟ್ಟಡದ ರೂಪ ನೀಡಿತು. ಹಾರೂನ್ ರಶೀದರ ಪತ್ನಿ ಝುಬೈದಾ ಕೂಫಾದಿಂದ ಮಕ್ಕಾದವರೆಗಿನ ಮರುಭೂಮಿಯ ಹಾದಿಯಲ್ಲಿ ಬಾವಿಗಳನ್ನೂ ತಂಗುದಾಣಗಳನ್ನೂ ನಿರ್ಮಿಸಿದರು. ಆ ಹಾದಿಗೆ ಇಂದಿಗೂ ಅವರದೇ ಹೆಸರು. ಹೈದರಾಬಾದಿನ ನಿಜಾಮರ ಕಾಲದಲ್ಲಿ ಮಕ್ಕಾದಲ್ಲಿ ಸ್ಥಾಪನೆಯಾದ ರುಬಾತ್‌ನಲ್ಲಿ, ಹಿಂದಿನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಬೀದರ್, ಕಲಬುರಗಿ, ರಾಯಚೂರು ಭಾಗದ ಹಾಜಿಗಳಿಗೂ ಉಚಿತ ವಸತಿಯ ಅವಕಾಶವಿದೆ. ಯಾರೋ ಒಬ್ಬರು ನೆಮ್ಮದಿಯ ದಿನಗಳಲ್ಲಿ ಮಾಡಿದ ಏರ್ಪಾಡು, ಅವರು ಎಂದೂ ಕಾಣದ ಪಯಣಿಗನ ಕಷ್ಟದ ದಿನಕ್ಕೆ ಒದಗುವುದು ಹೀಗೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗುಗಳು ಬಂದಾಗ ಈ ಏರ್ಪಾಡುಗಳು ಸಾಲದಾದವು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು, ಹಡಗಿನ ಪ್ರಯಾಣ ಸುಲಭವಾಯಿತು, ಬಡವರೂ ಹಜ್ ಯಾತ್ರೆಗೆ ಹೊರಟರು. ಮುಂಬಯಿಯ ಬಂದರಿನಿಂದ ಹೋಗುವ ಖರ್ಚನ್ನು ಮಾತ್ರ ಹೊಂದಿಸಿಕೊಂಡು ಹೊರಟವರು ಅನೇಕರು. ಮರಳುವ ಹಣವಿಲ್ಲದೆ ಅವರು ಜಿದ್ದಾದ ಬೀದಿಗಳಲ್ಲಿ ಉಳಿದರು. ಹಸಿವು, ಕಾಲರಾ, ಸಾಲ ಅವರನ್ನು ಕಾಡಿದವು. ಹಡಗಿನವರ ನಿರ್ಲಕ್ಷ್ಯವೂ ಸೇರಿತು. 1880ರಲ್ಲಿ ಆಗ್ನೇಯ ಏಷ್ಯಾದಿಂದ ಒಂಬೈನೂರಕ್ಕೂ ಹೆಚ್ಚು ಯಾತ್ರಿಕರನ್ನು ಹೊತ್ತು ಬರುತ್ತಿದ್ದ 'ಜಿದ್ದಾ' ಎಂಬ ಹೆಸರಿನ ಹಡಗಿಗೆ ನೀರು ನುಗ್ಗಿದಾಗ, ಕಪ್ತಾನನೇ ಯಾತ್ರಿಕರನ್ನು ತೊರೆದು ದೋಣಿಯಲ್ಲಿ ಪಾರಾದನು. ಹಡಗು ಮುಳುಗಿತೆಂದು ಆತ ಏಡನ್ನಿನಲ್ಲಿ ಹೇಳಿದನು. ಆದರೆ ಹಡಗು ಮುಳುಗಲಿಲ್ಲ. ಇನ್ನೊಂದು ಹಡಗು ಅದನ್ನು ಎಳೆದುಕೊಂಡು ಏಡನ್ನಿಗೇ ತಂದಿತು.

1886ರಲ್ಲಿ ಬ್ರಿಟಿಷ್ ಸರಕಾರವು ಹಜ್ ಪ್ರಯಾಣದ ಮೇಲ್ವಿಚಾರಣೆಯನ್ನು ಥಾಮಸ್ ಕುಕ್ ಕಂಪನಿಗೆ ಒಪ್ಪಿಸಿತು. ಆ ಪ್ರಯೋಗವು ಕೆಲವೇ ವರ್ಷಗಳಲ್ಲಿ ಮುಗಿಯಿತು. ಹಿಂದಿರುಗುವ ಟಿಕೆಟನ್ನು ಕಡ್ಡಾಯಗೊಳಿಸಬೇಕೆಂಬ ಸಲಹೆ ಮತ್ತೆ ಮತ್ತೆ ಬಂದಾಗ, ಇದು ಧರ್ಮದಲ್ಲಿ ಹಸ್ತಕ್ಷೇಪ ಎಂಬ ಆಕ್ಷೇಪ ಮುಸ್ಲಿಮರಿಂದಲೇ ಎದ್ದಿತು. ಕೊನೆಗೆ 1920ರ ದಶಕದ ಮಧ್ಯಭಾಗದಲ್ಲಿ, ಯಾತ್ರಿಕನು ಹಿಂದಿರುಗುವ ಟಿಕೆಟ್ ಕೊಳ್ಳಬೇಕು ಇಲ್ಲವೇ ಅದರ ಹಣವನ್ನು ಠೇವಣಿ ಇಡಬೇಕು ಎಂಬ ಕಾನೂನು ಬಂದಿತು. ಹೊರಡುವ ಮುನ್ನವೇ ಮರಳುವ ದಾರಿಯನ್ನು ಭದ್ರಪಡಿಸುವ ಈ ಠೇವಣಿಯು, ಇಂದಿನ ಪ್ರಯಾಣ ವಿಮೆಯ ಹಿರಿಯ ಬಂಧುವೆಂದು ನಮಗೆ ತೋರುತ್ತದೆ.

ಅಂದಿನ ಆಕ್ಷೇಪಕ್ಕೂ ವಿಜಯನಗರದ ಹಿರಿಯರ ಪ್ರಶ್ನೆಗೂ ಮೂಲ ಒಂದೇ. ಆದರೆ ಇದಕ್ಕೆ ಉತ್ತರವು ಪ್ರವಾದಿವರ್ಯರ(ಸ) ಕಾಲದಲ್ಲೇ ಇದೆ. ಯಮನ್‌ನ ಕೆಲವರು ತಾವು ಅಲ್ಲಾಹನ ಮೇಲೆ ಭರವಸೆ ಇಟ್ಟವರೆಂದು ಹೇಳುತ್ತಾ ಬುತ್ತಿಯಿಲ್ಲದೆ ಹಜ್‌ಗೆ ಬರುತ್ತಿದ್ದರು. ಮಕ್ಕಾ ತಲುಪಿದ ಮೇಲೆ ಜನರ ಮುಂದೆ ಕೈಚಾಚುತ್ತಿದ್ದರು. ಪಾಥೇಯವನ್ನು ಒಯ್ಯಿರೆಂಬ ಆದೇಶ ಸೂರಃ ಅಲ್‌ಬಕರಃದಲ್ಲಿ ಅವತೀರ್ಣವಾದದ್ದು ಆ ಹಿನ್ನೆಲೆಯಲ್ಲಿ ಎಂದು ಇಬ್ನ್ ಅಬ್ಬಾಸ್(ರ) ವಿವರಿಸಿದ್ದನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಸಿದ್ಧತೆಯು ತವಕ್ಕುಲ್‌ನ ವಿರೋಧಿಯಲ್ಲ. ಸಿದ್ಧತೆಯಿಲ್ಲದ ಭರವಸೆಯ ಭಾರವು ಕೊನೆಗೆ ಬೇರೆಯವರ ಹೆಗಲಿಗೆ ಬೀಳುತ್ತದೆ.

ಹಾಗಾದರೆ ಎಲ್ಲ ವಿಮೆಯೂ ನಿರ್ದೋಷವೇ? ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. 1985ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು, ನಿಗದಿತ ಕಂತಿನ ವಾಣಿಜ್ಯ ವಿಮೆಯಲ್ಲಿ ಗರರ್, ಅಂದರೆ ಒಪ್ಪಂದವನ್ನೇ ಕೆಡಿಸುವಷ್ಟು ಅನಿಶ್ಚಿತತೆ ಇದೆಯೆಂದು ಹೇಳಿ ಅದನ್ನು ನಿಷಿದ್ಧವೆಂದಿತು. ಬದಲಾಗಿ, ಪರಸ್ಪರ ದಾನದ ತಳಹದಿಯ ಸಹಕಾರಿ ವಿಮೆಯನ್ನು ಒಪ್ಪಿತು. ಇದರ ಬೇರು ಆಳವಾಗಿದೆ. ಮದೀನಾದ ಒಪ್ಪಂದದಲ್ಲಿಯೇ ಪ್ರತಿಯೊಂದು ಬಣವೂ ತನ್ನವರ ರಕ್ತಪರಿಹಾರವನ್ನೂ ಸೆರೆಯಾದವರ ಬಿಡುಗಡೆಯ ಹಣವನ್ನೂ ಕೂಡಿ ಭರಿಸಬೇಕೆಂಬ ಏರ್ಪಾಡಿತ್ತು. 1979ರಲ್ಲಿ ಸುಡಾನ್‌ನಲ್ಲಿ ಈ ತತ್ವದ ಮೇಲೆ ವಿಮಾ ಸಂಸ್ಥೆ ಆರಂಭವಾಯಿತು. ಸೌದಿ ಅರೇಬಿಯಾದ 2003ರ ಕಾನೂನು ಅಲ್ಲಿನ ವಿಮಾ ಕಂಪನಿಗಳು ಸಹಕಾರಿ ಸ್ವರೂಪದಲ್ಲೇ ನಡೆಯಬೇಕೆಂದು ವಿಧಿಸಿದೆ. ಉಮ್ರಾ ವೀಸಾದೊಂದಿಗೆ 2020ರಿಂದ ಕಡ್ಡಾಯವಾಗಿ ಬರುತ್ತಿರುವ ವಿಮೆ ಇಂತಹ ವ್ಯವಸ್ಥೆಯದೇ. ತುರ್ತು ಚಿಕಿತ್ಸೆ, ಅಪಘಾತ, ವಿಮಾನದ ವಿಳಂಬ, ಮರಣ ಸಂಭವಿಸಿದರೆ ಪಾರ್ಥಿವ ಶರೀರದ ಸಾಗಣೆ ಇವು ಅದರ ವ್ಯಾಪ್ತಿಯಲ್ಲಿವೆ. ಇನ್ನು ನಮ್ಮ ದೇಶದ ಖಾಸಗಿ ಪಾಲಿಸಿಗಳ ವಿಚಾರದಲ್ಲಿ, ಕಾನೂನು ಕಡ್ಡಾಯಗೊಳಿಸಿದ ವಿಮೆಯನ್ನೂ ಸ್ವಂತ ಇಚ್ಛೆಯಿಂದ ಕೊಳ್ಳುವ ವಿಮೆಯನ್ನೂ ವಿದ್ವಾಂಸರು ಬೇರೆ ಬೇರೆಯಾಗಿ ನೋಡುತ್ತಾರೆ. ತಮ್ಮ ಸಂದರ್ಭವನ್ನು ಬಲ್ಲ ಆಲಿಮರನ್ನು ವಿಚಾರಿಸುವುದು ಉತ್ತಮ.

ಧಾರ್ಮಿಕ ಪ್ರಶ್ನೆ ಬಗೆಹರಿದ ಮೇಲೆ ವ್ಯವಹಾರದ ಪ್ರಶ್ನೆ ಉಳಿಯುತ್ತದೆ. ಅದನ್ನು ನಮಗೆ ಕಲಿಸಿದ್ದು ಮಂಗಳೂರಿನ ದುರಂತ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ರನ್‌ವೇ ದಾಟಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮೃತರಾದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳ ದುಡಿಯುವ ಕೈ ಅಂದು ಇಲ್ಲವಾಯಿತು. ಭಾರತವು ಅದಕ್ಕೆ ಒಂದು ವರ್ಷದ ಹಿಂದೆಯಷ್ಟೇ, 2009ರಲ್ಲಿ, ಮಾಂಟ್ರಿಯಲ್ ಒಪ್ಪಂದವನ್ನು ಸೇರಿತ್ತು. ಅದರ ಪ್ರಕಾರ ಒಂದು ಮಿತಿಯವರೆಗೆ ವಿಮಾನ ಸಂಸ್ಥೆಯ ತಪ್ಪನ್ನು ಸಾಬೀತುಪಡಿಸದೆಯೂ ಪರಿಹಾರ ಕೇಳಬಹುದು. ಆದರೆ ಆ ಮಿತಿಯ ಮೊತ್ತ ಎಲ್ಲರಿಗೂ ದೊರೆಯಬೇಕಾದ ಕನಿಷ್ಠ ಹಣವೇ, ಅಥವಾ ಪ್ರತಿಯೊಬ್ಬರೂ ತಮ್ಮ ನಷ್ಟವನ್ನು ತೋರಿಸಬೇಕೇ ಎಂಬ ವ್ಯಾಜ್ಯ ಕೇರಳ ಹೈಕೋರ್ಟಿನಲ್ಲಿ ನಡೆಯಿತು. ಏಕಸದಸ್ಯ ಪೀಠದ ತೀರ್ಪು ಕುಟುಂಬಗಳ ಪರವಾಗಿತ್ತು. ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ಇನ್ನೊಂದು ಕುಟುಂಬದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸುಮಾರು 7.64 ಕೋಟಿ ರೂಪಾಯಿಯ ಪರಿಹಾರವನ್ನು ನಿಗದಿಪಡಿಸಿದ್ದು 2020ರ ಮೇ ತಿಂಗಳಲ್ಲಿ, ದುರಂತ ನಡೆದು ಹತ್ತು ವರ್ಷಗಳ ಬಳಿಕ. ಆ ಲೆಕ್ಕ ನಿಂತಿದ್ದು ಮೃತರ ವೇತನದ ದಾಖಲೆಗಳ ಮೇಲೆ.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕು. ನ್ಯಾಯಾಲಯದ ಪರಿಹಾರವು ನಷ್ಟವನ್ನು ಅಳೆಯುತ್ತದೆ; ಆದ್ದರಿಂದ ದಾಖಲೆ ಬೇಡುತ್ತದೆ, ಕಾಲ ಬೇಡುತ್ತದೆ. ಅಪಘಾತ ವಿಮೆಯು ಮೊದಲೇ ಬರೆದಿಟ್ಟ ಮೊತ್ತವನ್ನು ಕೊಡುತ್ತದೆ. ಸತ್ತವನ ಸಂಬಳ ಎಷ್ಟೆಂದು ಅದು ಕೇಳುವುದಿಲ್ಲ. ಅಂಗಡಿಯಲ್ಲೋ ಮನೆಗೆಲಸದಲ್ಲೋ ಚೀಟಿಯಿಲ್ಲದ ಸಂಬಳಕ್ಕೆ ದುಡಿಯುವವನ ಕುಟುಂಬಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. ವಲಸೆ ಅನುಮತಿ ಪಡೆದು ಗಲ್ಫ್‌ಗೆ ಹೋಗುವ ಕಾರ್ಮಿಕರಿಗೆ ಕೇಂದ್ರ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯವಾಗಿದೆ. 2017ರ ಪರಿಷ್ಕರಣೆಯಂತೆ ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ 10 ಲಕ್ಷ ರೂಪಾಯಿಯ ರಕ್ಷಣೆ ಅದರಲ್ಲಿದೆ. ಆದರೆ ಹತ್ತನೆಯ ತರಗತಿ ಪಾಸಾದವರಿಗೆ ವಲಸೆ ಅನುಮತಿ ಬೇಡವಾದ್ದರಿಂದ ಈ ಕಡ್ಡಾಯ ಅವರಿಗಿಲ್ಲ. ಓದಿದ ಮಗನು ವಿಮೆಯಿಲ್ಲದೆ ವಿಮಾನ ಹತ್ತುವುದು ಹೀಗೆಯೇ.

ದೂರದ ಪ್ರಯಾಣ ಮಾತ್ರ ಪ್ರಯಾಣವಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಬಸ್ಸು ಹತ್ತಿ ಕೆಂಗೇರಿ ದಾಟುವ ಪ್ರಯಾಣಿಕನ ಟಿಕೆಟಿನಲ್ಲೂ ಇಂತಹ ಏರ್ಪಾಡಿದೆ. ಕೆಎಸ್‌ಆರ್‌ಟಿಸಿ ಅಪಘಾತ ಪರಿಹಾರ ನಿಧಿಗೆಂದು ಟಿಕೆಟಿಗೆ ಒಂದೆರಡು ರೂಪಾಯಿ ಸೇರಿಸಿಕೊಳ್ಳುತ್ತದೆ. ಪ್ರಯಾಣಿಕನು ಅಪಘಾತದಲ್ಲಿ ಮೃತನಾದರೆ ಕುಟುಂಬಕ್ಕೆ ಸಿಗುವ ಪರಿಹಾರವನ್ನು 2024ರ ಜನವರಿಯಿಂದ 3 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಲಾಗಿದೆ. ರೈಲಿನ ಟಿಕೆಟನ್ನು ಆನ್‌ಲೈನ್‌ನಲ್ಲಿ ಕಾಯ್ದಿರಿಸುವವರಿಗೆ ಒಂದು ರೂಪಾಯಿಗೂ ಕಡಿಮೆ ಕಂತಿನ, 10 ಲಕ್ಷದವರೆಗಿನ ಐಚ್ಛಿಕ ವಿಮೆ 2016ರಿಂದ ಇದೆ. ಅದನ್ನು ಆರಿಸಿಕೊಂಡವರಲ್ಲೂ ನಾಮಿನಿಯ ಹೆಸರನ್ನು ತುಂಬದೆ ಬಿಡುವವರಿದ್ದಾರೆ. 2023ರ ಜೂನ್ 2ರಂದು ಬಾಲಸೋರ್ ಬಳಿ ನಡೆದ ಅಪಘಾತದಲ್ಲಿ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲೂ ಸಿಲುಕಿತ್ತು. ಕಾಯ್ದಿರಿಸದ ಬೋಗಿಯ ಬಡವನಿಗೆ ಆ ಐಚ್ಛಿಕ ವಿಮೆ ದೊರೆಯುವುದಿಲ್ಲ. ಆದರೆ ಟಿಕೆಟ್ ಪಡೆದ ಪ್ರತಿಯೊಬ್ಬ ಪ್ರಯಾಣಿಕನಿಗೂ ರೈಲ್ವೆ ಕಾಯ್ದೆಯ ಪ್ರಕಾರ ಪರಿಹಾರದ ಹಕ್ಕಿದೆ. ಮರಣಕ್ಕೆ ಅದು 2017ರಿಂದ 8 ಲಕ್ಷ ರೂಪಾಯಿ. ಕೇಳಲು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಇದೆ.

ಇನ್ನು ವಿಜಯನಗರದ ಹಿರಿಯರ ಕತೆ. ಅವರು ಸಮಾಧಾನದಿಂದ ಹೊರಟರು. ಮದೀನಾದಲ್ಲಿ ಪತ್ನಿಗೆ ಎದೆನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಬೇಕಾಯಿತು. ಸುದ್ದಿ ತಿಳಿದ ರಾತ್ರಿ ಮಗನು ನಮ್ಮಲ್ಲಿಗೆ ಓಡಿ ಬಂದನು. ವಿಮೆಯ ಹಾಳೆ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ; ಗಾಬರಿಯಲ್ಲಿ ತಂದೆಗೂ ನೆನಪಾಗಲಿಲ್ಲ. ಮೊಹಲ್ಲಾದವರು ಅಂದೇ ರಾತ್ರಿ ಕೈಲಾದಷ್ಟು ಹಣ ಕೂಡಿಸಿದರು. ಮರುದಿನ ಬೆಳಿಗ್ಗೆ ಅವರ ಸಹಯಾತ್ರಿಕರು ವಸತಿಯ ಕೋಣೆಯ ಸೂಟ್‌ಕೇಸಿನಲ್ಲಿ ಹಾಳೆಯನ್ನು ಕಂಡು ಆಸ್ಪತ್ರೆಗೆ ಒಯ್ದರು. ಚಿಕಿತ್ಸೆಯ ವೆಚ್ಚ ಅದರಲ್ಲೇ ತೀರಿತು. ಅಲ್‌ಹಮ್ದುಲಿಲ್ಲಾಹ್, ಇಬ್ಬರೂ ಕ್ಷೇಮವಾಗಿ ಮರಳಿದರು.

ಅಂದಿನಿಂದ ನಾವು ಯಾತ್ರೆಗೆ ಹೊರಡುವವರಿಗೆ ನಾಲ್ಕು ಮಾತು ಹೇಳುತ್ತೇವೆ. ವಿಮೆಯ ಹಾಳೆಯ ಒಂದು ಪ್ರತಿಯನ್ನು ಮನೆಯಲ್ಲಿ ಇರುವವರಿಗೆ ಕೊಡಿ. ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಸುಳ್ಳು ಹೇಳಿ ಪಡೆದ ಪಾಲಿಸಿ ಬೇಕಾದಾಗ ಕೈಕೊಡುತ್ತದೆ, ಸುಳ್ಳಿನ ಪಾಪ ಬೇರೆ. ಅವಘಡವಾದೊಡನೆ ಹಾಳೆಯಲ್ಲಿರುವ ಸಹಾಯವಾಣಿಗೆ ತಿಳಿಸಿ; ಕಳವಾದರೆ ಅಲ್ಲಿನ ಪೊಲೀಸರಿಂದ, ಚಿಕಿತ್ಸೆಯಾದರೆ ಆಸ್ಪತ್ರೆಯಿಂದ ಲಿಖಿತ ದಾಖಲೆ ಪಡೆಯಿರಿ. ಏನೇನು ಸಿಗುವುದಿಲ್ಲ ಎಂಬ ಪುಟವನ್ನು ಹೊರಡುವ ಮುನ್ನವೇ ಓದಿಸಿಕೊಂಡು ಕೇಳಿ.

ಅಂದು ರಾತ್ರಿ ಕೂಡಿದ ಹಣವನ್ನು ಹಿಂದಿರುಗಿಸಲು ಹೊರಟಾಗ ಕೊಟ್ಟವರಲ್ಲಿ ಹೆಚ್ಚಿನವರು ಮರಳಿ ಪಡೆಯಲಿಲ್ಲ. ಆ ಹಿರಿಯರೇ ಅದಕ್ಕೆ ತಮ್ಮ ಪಾಲನ್ನು ಸೇರಿಸಿ, ದಾರಿಯಲ್ಲಿ ಬರಿಗೈಯಾದವರಿಗಾಗಿ ಇಡಿ ಎಂದರು. ಈಗ ಅದು ಮಸೀದಿಯ ಲೆಕ್ಕದ ಪುಸ್ತಕದಲ್ಲಿ ಇಬ್ನುಸ್ಸಬೀಲ್ ಎಂಬ ಪ್ರತ್ಯೇಕ ಪುಟದಲ್ಲಿದೆ. ವಿಮೆಯ ಹಾಳೆಯಿಲ್ಲದವರೂ ಮೈಸೂರು ರಸ್ತೆಯಲ್ಲಿ ಬಸ್ಸಿಳಿಯುತ್ತಾರಲ್ಲವೇ?