ಶುಗರ್ ಕಾಯಿಲೆ ಇಲ್ಲದವರ ಶುಗರ್ ಕಥೆ: 1924ರಿಂದ ನನ್ನ ತಿಂಡಿ ತಟ್ಟೆಯವರೆಗೆ

ಇವತ್ತಿನ ಕಥೆ ಶುರುವಾಗೋದು ಪುಣೆಯ ನನ್ನ ಮನೆಯಿಂದ, ಹೋಗೋದು ಮಾತ್ರ ನೂರು ವರ್ಷ ಹಿಂದಕ್ಕೆ.

ಕಳೆದ ವರ್ಷ ಹಲವು ತಿಂಗಳು ನನಗೆ ಒಂದೇ ತೊಂದರೆ. ಬೆಳಿಗ್ಗೆ ಎಂಟೂವರೆಗೆ ಒಂದು ಪ್ಲೇಟ್ ಕಾಂದಾ ಪೋಹೆ, ಎರಡು ಚಮಚ ಸಕ್ಕರೆ ಹಾಕಿದ ಚಹಾ, ನಾಲ್ಕು ಬಿಸ್ಕತ್ತು. ಹನ್ನೊಂದು ಗಂಟೆ ಹೊತ್ತಿಗೆ, ಸರಿಯಾಗಿ ಟೀಮ್ ಮೀಟಿಂಗ್ ನಡುವೆ, ಕೈ ನಡುಕ, ಬೆವರು, ಎದೆ ಡವಡವ, ಯಾರ ಮೇಲಾದ್ರೂ ರೇಗಬೇಕು ಅನ್ನೋ ಸಿಟ್ಟು. ಮತ್ತೆರಡು ಬಿಸ್ಕತ್ತು ತಿಂದ್ರೆ ಸರಿಹೋಗ್ತಿತ್ತು. ಸಂಜೆ ನಾಲ್ಕಕ್ಕೆ ಮತ್ತೆ ಅದೇ ಪಾಡು.

ನನಗೆ ಹೆದರಿಕೆ ಆಗಿದ್ದು ಯಾಕೆ ಅಂದ್ರೆ, ಈ ಲಕ್ಷಣಗಳನ್ನ ನಾನು ಮೊದಲೇ ನೋಡಿದ್ದೆ. ಹಾಸನದಲ್ಲಿರೋ ನಮ್ಮ ಅಪ್ಪ ಹನ್ನೆರಡು ವರ್ಷದಿಂದ ಇನ್ಸುಲಿನ್ ತಗೊಳ್ತಿದ್ದಾರೆ. ಇಂಜೆಕ್ಷನ್ ಆದಮೇಲೆ ಊಟ ತಡವಾದ್ರೆ ಅವರಿಗೂ ಹೀಗೇ ಆಗುತ್ತೆ. ಅದಕ್ಕೇ ಅವರ ಅಂಗಿ ಜೇಬಲ್ಲಿ ಯಾವಾಗಲೂ ಒಂದು ಬೆಲ್ಲದ ಚೂರು ಇರುತ್ತೆ. ಆದರೆ ನನ್ನ ರಿಪೋರ್ಟ್ ಪ್ರಕಾರ ಖಾಲಿ ಹೊಟ್ಟೆಯ ಶುಗರ್ 88, ಎಚ್‌ಬಿಎ1ಸಿ 5.3. ಡಯಾಬಿಟಿಸ್ ಇಲ್ಲ, ಇನ್ಸುಲಿನ್ ಇಂಜೆಕ್ಷನ್ನೂ ಇಲ್ಲ. ಹಾಗಿದ್ರೆ ಅಪ್ಪನ 'ಲೋ ಶುಗರ್' ನನಗೆಲ್ಲಿಂದ ಬಂತು?

ಅಮೆರಿಕದ ಅಲಬಾಮಾದ ಸೀಲ್ ಹ್ಯಾರಿಸ್ ಅನ್ನೋ ಡಾಕ್ಟರಿಗೂ ಇಂಥದ್ದೇ ಪ್ರಶ್ನೆ ಹುಟ್ಟಿತ್ತು. ಹಿನ್ನೆಲೆ ನೋಡೋಣ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಅನ್ನೋ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಸಾವಿನ ಬಾಗಿಲಲ್ಲಿದ್ದ ಮಕ್ಕಳು ಬದುಕತೊಡಗಿದರು. ಮರುವರ್ಷವೇ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಅವರಿಗೆ ನೊಬೆಲ್ ಬಂತು. ಜೊತೆಗೇ ಒಂದು ಹೊಸ ತೊಂದರೆಯೂ ಬಂತು: ಇನ್ಸುಲಿನ್ ಡೋಸ್ ಜಾಸ್ತಿಯಾದ್ರೆ ನಡುಕ, ಬೆವರು, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವುದು. ಇನ್ಸುಲಿನ್ ಅನ್ನೇ ಕಾಣದ ಕೆಲವು ರೋಗಿಗಳಲ್ಲೂ ಇದೇ ಲಕ್ಷಣಗಳಿರೋದನ್ನ ಹ್ಯಾರಿಸ್ ಗಮನಿಸಿದರು. ಇವರ ಮೇದೋಜೀರಕ ಗ್ರಂಥಿಯೇ ಇನ್ಸುಲಿನ್ ಅನ್ನ ಅಗತ್ಯಕ್ಕಿಂತ ಹೆಚ್ಚು ಸುರಿಸ್ತಿದೆ ಅಂತ 1924ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬರೆದರು.

ಎಂಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಬೇಗ ಅರ್ಥವಾಗುತ್ತೆ. ಗೀಸರ್ ನೀರು ತಣ್ಣಗಿದೆ ಅಂತ ಬಿಸಿ ನಲ್ಲಿಯನ್ನ ಪೂರ್ತಿ ತಿರುಗಿಸ್ತೀರಿ. ಪೈಪಿನಲ್ಲಿ ನೀರು ಬರೋದು ತಡ. ಬಂದಾಗ ಕೈ ಸುಡುತ್ತೆ. ದೇಹದಲ್ಲೂ ಹಾಗೆ: ಸಕ್ಕರೆ ದಿಢೀರ್ ಏರಿದ್ರೆ ಇನ್ಸುಲಿನ್ ಜೋರಾಗಿ ಬರುತ್ತೆ. ಊಟದ ಸಕ್ಕರೆ ಮುಗಿದಮೇಲೂ ಅದರ ಕೆಲಸ ನಡೀತಾನೇ ಇರುತ್ತೆ. ಆಗ ಸಕ್ಕರೆ ಇಳಿಯುತ್ತೆ. ಅದನ್ನ ಎತ್ತೋಕೆ ಬರೋ ಅಡ್ರಿನಲಿನ್‌ನಿಂದಲೇ ಆ ನಡುಕ, ಆ ಬೆವರು.

ಹಾಗಾಗಿ ಸಿಹಿ ತಿಂದು ಸರಿಮಾಡಿಕೊಳ್ಳೋದು ಅಂದ್ರೆ ಮತ್ತೆ ನಲ್ಲಿ ತಿರುಗಿಸಿದ ಹಾಗೆ. ಹ್ಯಾರಿಸ್ ಹೇಳಿದ್ದು ಇದಕ್ಕೆ ಉಲ್ಟಾ: ಸಕ್ಕರೆ ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನಿ. 1936ರಲ್ಲಿ ಮಿಷಿಗನ್‌ನ ಜೆರೋಮ್ ಕಾನ್ ಇದಕ್ಕೆ ಪ್ರೋಟೀನ್ ಸೇರಿಸಿದರು. ಅದರಿಂದ ಗ್ಲೂಕೋಸ್ ನಿಧಾನವಾಗಿ ಸಿಗುತ್ತೆ, ಇನ್ಸುಲಿನ್ ಅನ್ನ ಅಷ್ಟು ಕೆರಳಿಸಲ್ಲ ಅನ್ನೋದು ಅವರ ವಾದ.

ಇಲ್ಲಿಗೇ ನಿಲ್ಲಿಸಿದ್ರೆ ಕಥೆ ಅರ್ಧ ಸುಳ್ಳಾಗುತ್ತೆ. 1938ರಲ್ಲಿ ನ್ಯೂಯಾರ್ಕಿನ ಸರ್ಜನ್ ಅಲೆನ್ ವಿಪಲ್ ಮೂರು ಷರತ್ತು ಇಟ್ಟರು. ಲಕ್ಷಣ ಇರಬೇಕು, ಅದೇ ಹೊತ್ತಿಗೆ ರಕ್ತದ ಸಕ್ಕರೆ ಕಡಿಮೆ ಇರಬೇಕು, ಗ್ಲೂಕೋಸ್ ಕೊಟ್ಟಾಗ ಲಕ್ಷಣ ಹೋಗಬೇಕು. ಇನ್ಸುಲಿನ್ ಸುರಿಸೋ ಗಡ್ಡೆಗೆ ಆಪರೇಷನ್ ಮಾಡೋ ಮೊದಲು ಇವು ಮೂರೂ ಇವೆಯಾ ನೋಡಿ ಅಂತ. ನಮ್ಮ ಭಾಷೇಲಿ ಹೇಳೋದಾದ್ರೆ, ಲಾಗ್ ಇಲ್ಲದೆ ಬಗ್ ಕ್ಲೋಸ್ ಮಾಡಬೇಡಿ.

ಜನ ಈ ಮಾತು ಮರೆತರು. 1951ರಲ್ಲಿ ಅಬ್ರಹಾಂಸನ್ ಮತ್ತು ಪೆಜೆಟ್ ಬರೆದ 'ಬಾಡಿ, ಮೈಂಡ್ ಅಂಡ್ ಶುಗರ್' ಬಂದಮೇಲೆ ಅಮೆರಿಕದಲ್ಲಿ ಸುಸ್ತು, ಬೇಸರ, ಆತಂಕ ಎಲ್ಲಕ್ಕೂ ಲೋ ಶುಗರೇ ಕಾರಣ ಅನ್ನೋ ನಂಬಿಕೆ ಹಬ್ಬಿತು. ಕೊನೆಗೆ 1973ರಲ್ಲಿ ಅಲ್ಲಿನ ಮೂರು ವೈದ್ಯಕೀಯ ಸಂಸ್ಥೆಗಳು ಸೇರಿ, ಇದಕ್ಕೆ ಆಧಾರ ಇಲ್ಲ ಅಂತ ಹೇಳಿಕೆ ಕೊಡಬೇಕಾಯ್ತು.

ಇದನ್ನ ಓದಿದ ಮೇಲೆ ನಾನೂ ಲಾಗ್ ತೆಗೆದೆ. ನಡುಕ ಬಂದಾಗೆಲ್ಲ ಬಿಸ್ಕತ್ತಿಗೆ ಮೊದಲು ಗ್ಲೂಕೋಮೀಟರ್. ಒಂದು ದಿನ 61. ಇನ್ನೊಂದು ದಿನ, ಅಷ್ಟೇ ನಡುಕ ಇದ್ದಾಗ, 84! ಆ ರಾತ್ರಿ ರಿಲೀಸ್ ಇತ್ತು, ನಾಲ್ಕು ಗಂಟೆ ನಿದ್ದೆ, ಮೂರು ಕಾಫಿ. ಶುಗರ್ ಮೇಲೆ ಹೊರಿಸಿದ್ದ ಅರ್ಧ ತಪ್ಪು ನನ್ನ ದಿನಚರಿಯದ್ದೇ ಆಗಿತ್ತು. ಡಾಕ್ಟರ್ ಹೇಳಿದ್ರು: "61 ಅಂದ್ರೆ ಕಾಯಿಲೆ ಅಂತಲ್ಲ, ಮನೆ ಮೀಟರ್ ಸ್ವಲ್ಪ ಹೆಚ್ಚುಕಮ್ಮಿ ತೋರಿಸುತ್ತೆ. ತಿಂಡಿ ಬದಲಾಯಿಸಿ, ನಿದ್ದೆ ಮಾಡಿ, ನೋಡೋಣ."

ತಿಂಡಿ ಬದಲಾಯಿಸೋಕೆ ಸಹಾಯ ಮಾಡಿದ್ದು 1981ರ ಒಂದು ಪಟ್ಟಿ. ಟೊರಾಂಟೊದಲ್ಲೇ, ಡೇವಿಡ್ ಜೆಂಕಿನ್ಸ್ ತಂಡ 62 ಆಹಾರಗಳು ಸಕ್ಕರೆಯನ್ನ ಎಷ್ಟು ಏರಿಸುತ್ತವೆ ಅಂತ ಅಳೆಯಿತು. ಗ್ಲೂಕೋಸ್‌ಗೆ 100. ಅದೇ ಗ್ಲೈಸೀಮಿಕ್ ಇಂಡೆಕ್ಸ್. ಆಶ್ಚರ್ಯ ಏನು ಗೊತ್ತಾ? ಬಿಳಿ ಬ್ರೆಡ್ 69, ಸಕ್ಕರೆ 59! ಬೇಳೆಕಾಳುಗಳು ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ. ಬರೀ 'ಸಿಹಿ ಬಿಡಿ' ಅನ್ನೋ ಲೆಕ್ಕ ಸಾಲದು ಅಂತ ಆಗ ಸ್ಪಷ್ಟವಾಯ್ತು.

ಈಗ ನನ್ನ ಅವಲಕ್ಕಿ ಅರ್ಧ ಪ್ಲೇಟ್, ಮೇಲೆ ಕಡಲೆಕಾಯಿ, ಮೊಳಕೆ ಹೆಸರುಕಾಳು, ಪಕ್ಕದಲ್ಲಿ ಮೊಟ್ಟೆ ಅಥವಾ ಮೊಸರು. ಚಹಾಗೆ ಸಕ್ಕರೆ ಇಲ್ಲ, ಬಿಸ್ಕತ್ತು ಮನೆಗೇ ಬರಲ್ಲ. ಮಧ್ಯಾಹ್ನ ಮೊದಲು ಪಲ್ಯ, ಉಸಲಿ, ಆಮೇಲೆ ಅನ್ನ. ಊಟ ಆದಮೇಲೆ ಹತ್ತು ನಿಮಿಷ ನಡಿಗೆ. ಊರಿಂದ ಬಂದ ರಾಗಿ ಹಿಟ್ಟೂ ಇದೆ. ಆದ್ರೆ ರಾಗಿ ಅಂತ ಹೇಳಿ ಸಕ್ಕರೆ ಹಾಕಿದ ಮಾಲ್ಟ್ ಕುಡಿದ್ರೆ ಲೆಕ್ಕ ಬೇರೆ. ಸೊಪ್ಪಿನ ಸಾರು, ಕಾಳಿನ ಜೊತೆ ಮುದ್ದೆ ಉಂಡ್ರೆ ಬೇರೆ. ಹನ್ನೊಂದರ ನಡುಕ ಈಗ ಅಪರೂಪ.

ಒಂದು ಮಾತು ಮರೀಬೇಡಿ. ಖಾಲಿ ಹೊಟ್ಟೇಲಿ ಅಥವಾ ರಾತ್ರಿ ಹೀಗಾದ್ರೆ, ತಲೆಸುತ್ತಿ ಬಿದ್ರೆ, ಮಾತು ತೊದಲಿದ್ರೆ, ಹೊಟ್ಟೆಯ ಆಪರೇಷನ್ ಆಗಿದ್ರೆ ತಿಂಡಿ ಪ್ರಯೋಗ ಬೇಡ, ನೇರ ಡಾಕ್ಟರ್ ಹತ್ರ ಹೋಗಿ. ಇನ್ಸುಲಿನ್, ಶುಗರ್ ಮಾತ್ರೆ ತಗೊಳ್ಳೋರಿಗೂ ಈ ಕಥೆ ಅನ್ವಯಿಸಲ್ಲ. ಅವರಿಗೆ ಆ ಕ್ಷಣ ಸಿಹಿಯೇ ಔಷಧಿ.

ಮೊನ್ನೆ ಫೋನಲ್ಲಿ ಅಪ್ಪ ಕೇಳಿದ್ರು, "ನೀನೂ ಜೇಬಲ್ಲಿ ಬೆಲ್ಲ ಇಟ್ಕೊಂಡಿದೀಯೇನೋ ಮಗಾ?" "ಇಲ್ಲ ಅಪ್ಪ, ಹುರಿಗಡಲೆ ಇಟ್ಕೊಂಡಿದೀನಿ" ಅಂದೆ. ಜೋರಾಗಿ ನಕ್ಕರು.

ಮುಂದಿನ ವಾರ ಸಿಗೋಣ. ನಿಮ್ಮ ಹನ್ನೊಂದು ಗಂಟೆ ಹೇಗಿರುತ್ತೆ, ತಿಳಿಸಿ.