ಪಕ್ಷವಾತವೆಂಬ ಹೆಸರೂ ಮಿದುಳಿನ ವಿದ್ಯುಚ್ಚಿಕಿತ್ಸೆಯೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಒಂದು ಪಕ್ಕದ ಕೈಕಾಲು ಬಿದ್ದವನಿಗೆ ‘ಲಕ್ವ ಹೊಡೆಯಿತು’ ಎನ್ನುವರು. ಓದಿದವರು ಪಕ್ಷವಾತ, ಪಾರ್ಶ್ವವಾಯು ಎಂದು ಬರೆಯುವರು. ಲಕ್ವ ಎಂಬುದು ಅರಬ್ಬೀ ಮೂಲದ ಶಬ್ದ; ಅಲ್ಲಿ ಅದಕ್ಕೆ ಮುಖ ಸೊಟ್ಟಗಾಗುವ ರೋಗವೆಂದಷ್ಟೇ ಅರ್ಥ. ಸುಶ್ರುತಸಂಹಿತೆಯು ಈ ಮುಖರೋಗವನ್ನು ಅರ್ದಿತವೆಂದು ಕರೆದು, ದೇಹಾರ್ಧವು ಬೀಳುವ ಪಕ್ಷಾಘಾತದಿಂದ ಬೇರ್ಪಡಿಸಿದೆ. ಚರಕಸಂಹಿತೆಯಲ್ಲಿ ಆ ಗೆರೆ ಅಷ್ಟು ಸ್ಪಷ್ಟವಲ್ಲ. ನಮ್ಮ ಆಡುಮಾತಂತೂ ಎರಡನ್ನೂ ಒಂದೇ ಮಾಡಿತು.

ಇದು ಬರಿಯ ಶಬ್ದಚರ್ಚೆಯಲ್ಲ. ಈ ಹೆಸರುಗಳೆಲ್ಲ ಒಂದು ಪಕ್ಕವನ್ನು, ಒಂದು ಹೊಡೆತವನ್ನು ಹೇಳುತ್ತವೆ. ಆದರೆ ಮಿದುಳಿನ ಸಣ್ಣ ರಕ್ತನಾಳಗಳು ವರ್ಷಾನುಗಟ್ಟಲೆ ದಪ್ಪಗಟ್ಟುತ್ತ ಬಂದರೆ ಯಾವ ಪಕ್ಕವೂ ಬೀಳದಿರಬಹುದು; ಹೆಜ್ಜೆ ಕಿರಿದಾಗುವುದು, ಪಾದ ನೆಲಕ್ಕೆ ಉಜ್ಜುವುದು, ಆಲೋಚನೆ ನಿಧಾನವಾಗುವುದು. ಜರ್ಮನಿಯ ಬಿನ್ಸ್‌ವಾಂಗರ್ ಇಂತಹ ವ್ಯಾಧಿಯೊಂದನ್ನು ೧೮೯೪ರಲ್ಲಿ ವರ್ಣಿಸಿದನು. ಇದಕ್ಕೆ ಜನರ ಬಾಯಲ್ಲಿ ಹೆಸರಿಲ್ಲ. ‘ವಯಸ್ಸಾಯಿತು’ ಎಂಬ ಮಾತಿನಲ್ಲಿಯೇ ಅದು ಅಡಗಿಹೋಗುತ್ತದೆ. ರಕ್ತದೊತ್ತಡವನ್ನು ಹತೋಟಿಗೆ ತಂದು ರೋಗವನ್ನು ತಡೆಯಬಹುದಾದ ಕಾಲವೂ ಹಾಗೆಯೇ ಕಳೆದುಹೋಗುತ್ತದೆ.

ಮಿದುಳನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಯತ್ನ ಹೊಸದೇನಲ್ಲ. ೧೮೭೦ರಲ್ಲಿ ಫ್ರಿಟ್ಷ್, ಹಿಟ್ಸಿಗ್ ಎಂಬಿಬ್ಬರು ನಾಯಿಯ ತಲೆಬುರುಡೆಯನ್ನು ತೆರೆದು, ಮಿದುಳಿನ ಹೊರಪದರಕ್ಕೆ ವಿದ್ಯುತ್ತನ್ನು ಮುಟ್ಟಿಸಿ ಕಾಲಾಡಿಸಿದರು. ಬುರುಡೆಯನ್ನು ತೆರೆಯದೆಯೇ ಮನುಷ್ಯನಲ್ಲಿ ಅದನ್ನು ಸಾಧಿಸಿದುದು ೧೯೮೦ರಲ್ಲಿ, ಮರ್ಟನ್ ಮತ್ತು ಮಾರ್ಟನ್ ಎಂಬವರಿಂದ. ಆದರೆ ಅದು ನೋವಿನ ವಿಧಾನವಾಗಿತ್ತು. ೧೯೮೫ರಲ್ಲಿ ಷೆಫೀಲ್ಡಿನ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಂತಿಸುರುಳಿಯನ್ನು ಹಿಡಿದು, ಕ್ಷಣಿಕವಾದ ಕಾಂತಕ್ಷೇತ್ರದಿಂದ ಒಳಗೆ ವಿದ್ಯುತ್ತು ಹುಟ್ಟುವಂತೆ ಮಾಡಿದರು. ೧೮೩೧ರ ಫ್ಯಾರಡೆಯ ತತ್ತ್ವವೇ ಇಲ್ಲಿಯೂ ಆಧಾರ. ೨೦೦೦ದಲ್ಲಿ ನಿಟ್ಷೆ, ಪೌಲುಸ್ ಎಂಬವರು ಸುಮಾರು ಒಂದು ಮಿಲಿಆಂಪಿಯರ್ ಪ್ರವಾಹದಿಂದಲೇ ಮಿದುಳಿನ ಉದ್ರೇಕಶೀಲತೆ ಹೆಚ್ಚುಕಡಮೆಯಾಗುವುದನ್ನು ತೋರಿಸಿದರು.

ಈ ವಿಧಾನಗಳು ಮುಚ್ಚಿದ ನಾಳವನ್ನು ತೆರೆಯಲಾರವು, ಸತ್ತ ಭಾಗವನ್ನು ಬದುಕಿಸಲಾರವು. ಉಳಿದ ನರಮಾರ್ಗಗಳನ್ನು ಪಳಗಿಸಲು ನೆರವಾಗಬಹುದೆಂಬುದೇ ಆಶಯ. ಆದುದರಿಂದ ನಡಗೆಯ ಅಭ್ಯಾಸದೊಡನೆಯೇ ಇವನ್ನು ಹಲವೆಡೆ ಪರೀಕ್ಷಿಸಿದ್ದಾರೆ. ಫಲಗಳು ಒಂದೇ ಬಗೆಯಾಗಿಲ್ಲ. ಬುದ್ಧಿಮಾಂದ್ಯದ ವಿಷಯದಲ್ಲಂತೂ ನಿರ್ಣಯಕ್ಕೆ ಇನ್ನೂ ಕಾಲ ಬೇಕು.

ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೊಡನೆ ೧೯೭೪ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಕಾಂತಪ್ರಚೋದನೆಯೂ ಸಣ್ಣ ಪ್ರವಾಹದ ಪ್ರಚೋದನೆಯೂ ಅಲ್ಲಿ ಮನೋರೋಗಗಳಲ್ಲಿ ಬಳಕೆಗೆ ಬಂದಿವೆ. ಕಾಂತಚಿಕಿತ್ಸೆಯು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಕೆಲವು ವಾರಗಳ ಕೆಲಸ. ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು ೧೬೦ ಕಿಲೋಮೀಟರು. ಹೊಸದುರ್ಗ, ಹೊಳಲ್ಕೆರೆಗಳಿಂದ ಇನ್ನೂ ದೂರ. ಇಂತಹ ಚಿಕಿತ್ಸೆ ಮುಂದೆ ಸಫಲವೆಂದು ಸಿದ್ಧವಾದರೂ, ಹೆಜ್ಜೆಯಿಡಲು ತಡವರಿಸುವ ಮುದುಕನೇ ಅಷ್ಟು ದಿನ ಅಲ್ಲಿ ತಂಗಬೇಕಾಗುವುದು.