ಹಣ ಮುಟ್ಟದ ಸೂಲಗಿತ್ತಿ

'ಎರಡನೇ ಸೂಲಿನ ಎಮ್ಮೆ' ಎಂಬ ಮಾತು ದನದ ಸಂತೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಸೂಲು ಎಂದರೆ ಹೆರಿಗೆ, ಮಾಡಿಸುವಾಕೆ ಸೂಲಗಿತ್ತಿ. ಹಳ್ಳಿಗಳಲ್ಲೂ ಮರೆಯಾಗುತ್ತಿದ್ದ ಈ ಹೆಸರನ್ನು ನಾಡಿನ ಬಾಯಲ್ಲಿ ಮತ್ತೆ ನಿಲ್ಲಿಸಿದವರು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕು ಕೃಷ್ಣಾಪುರದ ನರಸಮ್ಮ.

1920ರಲ್ಲಿ ಹುಟ್ಟಿದ ಅವರಿಗೆ ಅಜ್ಜಿಯೇ ಗುರು. ಹೊಟ್ಟೆ ಮುಟ್ಟಿ ಮಗುವಿನ ತಲೆ ಎತ್ತ ತಿರುಗಿದೆಯೆಂದು ಹೇಳುತ್ತಿದ್ದರಂತೆ. ಏಳು ದಶಕಗಳಲ್ಲಿ ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚೆಂದು ಲೆಕ್ಕ. ಅದಕ್ಕಾಗಿ ಹಣ ಪಡೆಯಲಿಲ್ಲ. ತಾವೇ ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ವರನ್ನು ಕಳೆದುಕೊಂಡಿದ್ದ ಈ ತಾಯಿಗೆ ಇನ್ನೊಬ್ಬರ ಮನೆಯ ಕೂಸಿನ ಮೊದಲ ಅಳು ಎಷ್ಟು ಹಿತವೆನಿಸಿರಬೇಕು! ಕೂಲಿ ಬೇಡವೆನ್ನಲು ಬೇರೆ ಕಾರಣ ಬೇಕೇ?

2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಅದೇ ಸರ್ಕಾರದ ಜನನಿ ಸುರಕ್ಷಾ ಯೋಜನೆ 2005ರಿಂದಲೇ ಬಡ ಬಸುರಿಯರಿಗೆ ಹಣ ಕೊಟ್ಟು ಆಸ್ಪತ್ರೆಗೆ ಕರೆಯುತ್ತಿತ್ತು. ತಪ್ಪೇನಲ್ಲ, ರಕ್ತಸ್ರಾವ ನಿಲ್ಲದಿದ್ದರೆ ಎಂಥ ಪಳಗಿದ ಕೈಯೂ ಸಾಲದು. ಆದರೆ ಇರುಳಿಡೀ ಪಕ್ಕದಲ್ಲೇ ಕೂತು ಬೆನ್ನು ನೀವುವ ಕೈ ವಾರ್ಡಿನಲ್ಲಿ ಎಲ್ಲಿದೆ?

ಆ ಕೊರತೆ ದೆಹಲಿಗೂ ಕಂಡಿರಬೇಕು. ದಾದಿಯರಿಗೆ ಹದಿನೆಂಟು ತಿಂಗಳು ಸೂಲಗಿತ್ತಿ ವಿದ್ಯೆ ಕಲಿಸುವ ಕೇಂದ್ರದ ಮಾರ್ಗಸೂಚಿ 2018ರ ಡಿಸೆಂಬರ್‌ನಲ್ಲಿ ಹೊರಬಂತು. ನರಸಮ್ಮ ತೀರಿಕೊಂಡದ್ದು ಅದೇ ತಿಂಗಳ 25ರಂದು.